ಒಡನಾಟದಿಂದ ಪತ್ತೆಯಾಗುವ ಜೀನುಗಳು

ಕೆನಡ ದೇಶದ ಕ್ವಿಬೆಕ್ ಪ್ರಾಂತದಲ್ಲಿ, ಬಡಗಣದಿಂದ ಹರಿದುಬಂದು ಸೇಂಟ್ ಲಾರೆನ್ಸ್ ಮಹಾನದಿಯನ್ನು ಕೂಡುವ ಸಾಗುನೇ ಎಂಬ ನದಿಯೊಂದುಂಟು. ಈ ನದಿಯ ದಡದಲ್ಲಿಯೂ ಅದು ಹೊರಡುವ ದೊಡ್ಡ ಸರೋವರದ ಸುತ್ತಲೂ 1838ರಿಂದೀಚೆಗೆ ಫ್ರೆಂಚ್ ಭಾಷೆಯನ್ನಾಡುವ ಜನರು ಬಂದು, ಕಾಡನ್ನು ಕಡಿದು, ಹೊಲಗಳನ್ನು ಮಾಡಿಕೊಂಡು ನೆಲೆಸಿದರು. ಮೊದಲು ಬಂದವರು ಬಹಳ ಮಂದಿಯೇನಲ್ಲ. ಅವರಲ್ಲಿ ಬಹುಪಾಲು ನೆರೆಯ ಶಾರ್ಲ್ವಾ ಸೀಮೆಯವರು. ಅವರ ಮನೆಗಳಲ್ಲಿ ಮಕ್ಕಳು ತುಂಬಿ, ಸಂತತಿ ಬೆಳೆದು, ಈಗ ಆ ಸೀಮೆಯ ಜನಸಂಖ್ಯೆ ಎರಡು ಲಕ್ಷವನ್ನು ಮೀರಿದೆ. ಹಿರಿಯರಿಂದ ಹೊಲಮನೆಗಳು ಬಂದಂತೆ ಒಂದು ರೋಗವೂ ಅವರಿಗೆ ಬಳುವಳಿಯಾಗಿ ಬಂದಿತು.

ಈ ರೋಗವುಳ್ಳ ಶಿಶು ಹುಟ್ಟಿದಾಗ ಸಾಮಾನ್ಯವಾಗಿ ಇತರ ಶಿಶುಗಳಂತೆಯೇ ತೋರುತ್ತದೆ. ಬರಬರುತ್ತ ಅದರ ಸ್ನಾಯುಗಳು ಸಡಿಲವಾಗಿರುವುದೂ, ನಡೆನುಡಿಗಳು ತಡವಾಗುವುದೂ ತಂದೆತಾಯಿಗಳ ಕಣ್ಣಿಗೆ ಬೀಳುತ್ತದೆ. ಒಂದು ದಿನ ನೆಗಡಿಯೋ ಜ್ವರವೋ ಬಂದ ನೆಪವೇ ಸಾಕು, ಮಗುವಿನ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವು ಮಿತಿಮೀರಿ ಏರುತ್ತದೆ, ಉಸಿರಾಟ ಕೆಡುತ್ತದೆ, ಎಚ್ಚರ ತಪ್ಪುತ್ತದೆ. ಇಂಥ ವಿಪತ್ತಿಗೆ ಸಿಕ್ಕಿ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು ಬಹಳ. ಆ ಸೀಮೆಯ ಪಿಯೆರ್ ಲಾವೊಯ್ ಎಂಬ ಕ್ರೀಡಾಪಟುವು ತನ್ನ ಇಬ್ಬರು ಮಕ್ಕಳನ್ನು ಈ ರೋಗಕ್ಕೆ ತೆತ್ತವರು. ರೋಗದ ಕಡೆಗೆ ನಾಡಿನ ಗಮನವನ್ನು ಸೆಳೆಯುವುದಕ್ಕಾಗಿ ಅವರು 1999ರಲ್ಲಿ ಸೈಕಲ್ಲನ್ನೇರಿ ಆ ಸೀಮೆಯನ್ನೆಲ್ಲ ಸುತ್ತಿದರು.

ರೋಗದ ಸ್ವರೂಪವು ವೈದ್ಯರಿಗೆ ಸ್ಥೂಲವಾಗಿ ತಿಳಿದಿದ್ದಿತು. ನಮ್ಮ ದೇಹದ ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಕಿರಿದಾದ ಅಂಗಗಳಿವೆ. ಆಹಾರದಿಂದ ಶಕ್ತಿಯನ್ನು ಹಿಂಡಿ ತೆಗೆಯುವ ಒಲೆಗಳು ಅವು. ಆ ಕಾರ್ಯದ ಕೊನೆಯ ಹಂತದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಕಿಣ್ವಕ್ಕೆ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂದು ಹೆಸರು. ಸಾಗುನೇ ಸೀಮೆಯ ಈ ಮಕ್ಕಳ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಆ ಕಿಣ್ವದ ಕೆಲಸ ತೀರ ಕುಗ್ಗಿರುತ್ತದೆ. ಒಲೆ ಸರಿಯಾಗಿ ಉರಿಯದಿದ್ದರೆ ಮನೆಯಲ್ಲಿ ಹೊಗೆ ತುಂಬುವಂತೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ.

ರೋಗವು ವಂಶದಲ್ಲಿ ಇಳಿದುಬರುವ ರೀತಿಯೂ ತಿಳಿದಿದ್ದಿತು. ಪ್ರತಿಯೊಂದು ಜೀನಿನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡೂ ಕೆಟ್ಟಿದ್ದರೆ ಮಾತ್ರ ಈ ರೋಗ ಬರುತ್ತದೆ. ಒಂದೇ ಕೆಟ್ಟಿರುವವರು ಆರೋಗ್ಯವಂತರು, ಅವರನ್ನು ವಾಹಕರೆನ್ನುತ್ತಾರೆ. ಆ ಸೀಮೆಯಲ್ಲಿ 23 ಜನರಿಗೆ ಒಬ್ಬರಂತೆ ವಾಹಕರಿದ್ದಾರೆ. ವಾಚಕರೇ ಲೆಕ್ಕ ಹಾಕಿ ನೋಡಬಹುದು: ಗಂಡನೂ ಹೆಂಡತಿಯೂ ವಾಹಕರಾಗಿರುವ ಸಂಭವ 23ರಲ್ಲಿ ಒಂದರ 23ರಲ್ಲಿ ಒಂದು ಪಾಲು, ಅಂಥ ದಂಪತಿಗಳಿಗೆ ಹುಟ್ಟುವ ನಾಲ್ಕು ಮಕ್ಕಳಲ್ಲಿ ಸರಾಸರಿ ಒಂದಕ್ಕೆ ರೋಗ. ಗುಣಿಸಿದರೆ 2,116ರಲ್ಲಿ ಒಂದು ಎಂದಾಗುತ್ತದೆ. ನಿಜವಾಗಿಯೂ ಅಲ್ಲಿ ಸುಮಾರು 2,000 ಶಿಶುಗಳಿಗೆ ಒಂದು ಶಿಶು ಈ ರೋಗದಿಂದ ಹುಟ್ಟುತ್ತಿದ್ದಿತು. ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತಂದುಕೊಳ್ಳುವ ವಾಡಿಕೆಯುಳ್ಳ ನಮ್ಮ ನಾಡಿನವರಿಗೆ ಇಂಥ ಗುಪ್ತ ಬಳುವಳಿಗಳ ಮಾತು ತೀರ ಹೊಸದಲ್ಲ. ಆದರೆ ಸಾಗುನೇಯಲ್ಲಿ ಕಾರಣವಾದುದು ಹತ್ತಿರದ ನೆಂಟರೊಳಗಿನ ಮದುವೆಯಲ್ಲ. ಕೆಲವೇ ಪೂರ್ವಿಕರಿಂದ ದೊಡ್ಡ ಜನಸಮುದಾಯವೊಂದು ಬೆಳೆದುಬಂದುದು.

ಕೆಟ್ಟಿರುವ ಜೀನು ಯಾವುದು? 2001ರಲ್ಲಿ ಸಂಶೋಧಕರು ರೋಗಿಗಳ ವರ್ಣತಂತುಗಳನ್ನೆಲ್ಲ ಹುಡುಕಿ, ಅದು ಎರಡನೆಯ ವರ್ಣತಂತುವಿನ ಗಿಡ್ಡ ತೋಳಿನ ಒಂದು ಭಾಗದಲ್ಲಿದೆ ಎಂದು ಕಂಡುಕೊಂಡರು. ಕಳ್ಳನ ಮನೆ ಯಾವ ಬೀದಿಯಲ್ಲಿದೆ ಎಂಬುದು ಗೊತ್ತಾಯಿತು. ಆದರೆ ಆ ಬೀದಿಯಲ್ಲಿ ಹತ್ತಾರು ಮನೆಗಳು, ಎಂದರೆ ಹತ್ತಾರು ಜೀನುಗಳು! ಅವುಗಳಲ್ಲಿ ಎಷ್ಟೋ ಜೀನುಗಳು ಮಾಡುವ ಕೆಲಸವೇನೆಂಬುದು ಆಗ ಯಾರಿಗೂ ತಿಳಿಯದು. ಒಂದೊಂದು ಬಾಗಿಲನ್ನೂ ತಟ್ಟುತ್ತ ಹೋಗಬಹುದಾಗಿದ್ದಿತು. ಅದು ದೀರ್ಘಕಾಲದ ಕೆಲಸ. ಕಡಿಮೆ ಶ್ರಮದ ಉಪಾಯವೊಂದು ಬೇಕಾಗಿದ್ದಿತು. ಅದನ್ನು ಹೇಳುವ ಮುನ್ನ ಜೀನುಗಳು ಕೆಲಸ ಮಾಡುವ ಬಗೆಯನ್ನು ಕುರಿತು ಎರಡು ಮಾತು ಅವಶ್ಯಕ.

ಮದುವೆಯ ದಿನ ಬೀಗ ಹಾಕುವ ಮನೆಗಳು

ಮನುಷ್ಯನ ಜೀವಕೋಶದಲ್ಲಿ ಪ್ರೋಟೀನುಗಳನ್ನು ತಯಾರಿಸುವ ಸೂಚನೆಯುಳ್ಳ ಜೀನುಗಳು ಸುಮಾರು 20,000. ಕಣ್ಣಿನ ಕೋಶವಾಗಲಿ ಯಕೃತ್ತಿನ ಕೋಶವಾಗಲಿ, ಈ ಜೀನುಗಳ ಗಂಟು ಎಲ್ಲದರಲ್ಲಿಯೂ ಒಂದೇ. ಆದರೂ ಕಣ್ಣು ಕಣ್ಣಾಗಿದೆ, ಯಕೃತ್ತು ಯಕೃತ್ತಾಗಿದೆ. ಏಕೆಂದರೆ ಎಲ್ಲ ಜೀನುಗಳೂ ಎಲ್ಲ ಕಡೆಯೂ ಸಮನಾಗಿ ದುಡಿಯುವುದಿಲ್ಲ. ಒಂದು ಜೀನು ಕೆಲಸಕ್ಕೆ ತೊಡಗಿತೆಂದರೆ ಮೊದಲು ಅದರ ನಕಲಾದ ದೂತ ಆರ್.ಎನ್.ಎ. ಎಂಬ ಅಣುಗಳು ಹೊರಬರುತ್ತವೆ. ಈ ದೂತಗಳು ಹೆಚ್ಚಾಗಿದ್ದರೆ ಜೀನು ಚುರುಕಾಗಿದೆ ಎಂದೂ, ಇಲ್ಲದಿದ್ದರೆ ಮಲಗಿದೆ ಎಂದೂ ಹೇಳಬಹುದು. ಇದನ್ನೇ ಜೀನಿನ ಅಭಿವ್ಯಕ್ತಿ ಎನ್ನುವರು.

ದೂತಗಳನ್ನು ಎಣಿಸುವುದು ಹಿಂದೆ ಒಂದೊಂದೇ ಜೀನಿನ ಮಟ್ಟಿಗೆ ಸಾಧ್ಯವಾಗಿದ್ದಿತು. 1995ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ, ಸಾಸಿವೆಯ ಜಾತಿಗೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ 45 ಜೀನುಗಳ ತುಣುಕುಗಳನ್ನು ಗಾಜಿನ ಪಟ್ಟಿಯೊಂದರ ಮೇಲೆ ಚುಕ್ಕಿಚುಕ್ಕಿಯಾಗಿ ಅಂಟಿಸಿ, ಆ ಎಲ್ಲ ಜೀನುಗಳ ಅಭಿವ್ಯಕ್ತಿಯನ್ನೂ ಒಂದೇ ಸಲಕ್ಕೆ ಅಳೆದರು. ಕೆಲವೇ ವರ್ಷಗಳಲ್ಲಿ 45 ಹೋಗಿ ಸಾವಿರಾರು ಜೀನುಗಳಾದುವು. ಈಗ ಗಾಜಿನ ಪಟ್ಟಿಯೂ ಹಿಂದೆ ಸರಿದು, ಕೋಶದ ಆರ್.ಎನ್.ಎ. ಅಣುಗಳನ್ನೆಲ್ಲ ನೇರವಾಗಿ ಓದಿ ಎಣಿಸುವ ಯಂತ್ರಗಳು ಬಂದಿವೆ.

ಇಂಥ ಎಣಿಕೆಗಳಿಂದ ಆಗುವ ಪ್ರಯೋಜನವೇನು? ಒಂದು ಸಣ್ಣ ಊರನ್ನು ಕಲ್ಪಿಸಿಕೊಳ್ಳೋಣ. ಊರಿನ ಪ್ರತಿಯೊಂದು ಮನೆಗೂ ಯಾವ ಯಾವ ದಿನ ಬೀಗ ಬಿದ್ದಿರುತ್ತದೆ ಎಂಬುದನ್ನು ವರ್ಷವೆಲ್ಲ ನಾವು ಪುಸ್ತಕದಲ್ಲಿ ಬರೆದಿಡುತ್ತೇವೆ ಎನ್ನಿ. ಓಲಗದವನು, ಅಡಿಗೆಯ ಭಟ್ಟ, ಪುರೋಹಿತ, ಹೂವಾಡಗಿತ್ತಿ, ಚಪ್ಪರದವನು ಇವರ ಮನೆಗಳಿಗೆ ಒಂದೇ ದಿನಗಳಲ್ಲಿ ಬೀಗ. ಅವು ಮದುವೆಯ ದಿನಗಳು. ಕೊನೆಯ ಬೀದಿಯ ಬಾಡಿಗೆ ಮನೆಯಲ್ಲಿ ಹೊಸಬನೊಬ್ಬನಿದ್ದಾನೆ. ಅವನ ಕಸಬು ಯಾರಿಗೂ ತಿಳಿಯದು. ಆದರೆ ಪುಸ್ತಕವನ್ನು ತಿರುವಿಹಾಕಿದಾಗ ಅವನ ಮನೆಗೂ ಅದೇ ದಿನಗಳಲ್ಲಿಯೇ ಬೀಗ ಬಿದ್ದಿರುವುದು ಕಾಣುತ್ತದೆ. ಅವನನ್ನು ಮಾತನಾಡಿಸದೆಯೇ ನಾವು ಊಹಿಸಬಹುದು: ಇವನ ಕಸಬು ಮದುವೆಗೆ ಸಂಬಂಧಪಟ್ಟುದು.

ಜೀನುಗಳ ವಿಷಯದಲ್ಲಿಯೂ ಹೀಗೆಯೇ. ಒಂದೇ ಕಾರ್ಯದಲ್ಲಿ ಕೈಗೂಡಿಸುವ ಜೀನುಗಳು ಬಹುಮಟ್ಟಿಗೆ ಕೂಡಿಯೇ ಏಳುತ್ತವೆ, ಕೂಡಿಯೇ ಮಲಗುತ್ತವೆ. 1998ರಲ್ಲಿ ಸ್ಟ್ಯಾನ್‌ಫರ್ಡಿನವರೇ ಯೀಸ್ಟಿನ ಜೀನುಗಳನ್ನು ಹೀಗೆ ಗುಂಪುಗೂಡಿಸಿ ನೋಡಿದಾಗ, ಸಮಾನವಾದ ಕೆಲಸವುಳ್ಳ ಜೀನುಗಳು ತಾವಾಗಿಯೇ ಒಂದೆಡೆ ಬಂದು ನಿಂತುವು. ಈ ಕೂಡುಬಾಳ್ವೆಗೆ ಸಹಾಭಿವ್ಯಕ್ತಿ ಎಂದು ಹೆಸರು.

ಒಡನಾಟವನ್ನು ಅಂಕಿಯಲ್ಲಿ ಹೇಳುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸಹಸಂಬಂಧಾಂಕವೆಂಬ ಅಳತೆಯುಂಟು. ಕಾಲೇಜಿನ ವಿದ್ಯಾರ್ಥಿಗಳು ಅದನ್ನು ಕಲಿತಿರಬಹುದು. ಕಲ್ಪಿತವಾದ ಒಂದು ಉದಾಹರಣೆಯನ್ನು ಕೊಡುತ್ತೇವೆ. ಐವರು ರೋಗಿಗಳಲ್ಲಿ ಮೊದಲನೆಯ ಜೀನಿನ ಅಳತೆ 2, 4, 6, 8, 10 ಎಂದಿರಲಿ; ಎರಡನೆಯದರ ಅಳತೆ 11, 21, 29, 41, 50; ಮೂರನೆಯದು 7, 3, 8, 2, 6. ಸೂತ್ರದ ಪ್ರಕಾರ ಲೆಕ್ಕಮಾಡಿದರೆ ಮೊದಲೆರಡು ಜೀನುಗಳ ಸಹಸಂಬಂಧಾಂಕ 0.99ನ್ನೂ ಮೀರುತ್ತದೆ, ಎರಡನೆಯದರ ಅಂಕಿಗಳು ಮೊದಲನೆಯದಕ್ಕಿಂತ ಐದುಪಟ್ಟು ದೊಡ್ಡವಾದರೇನು, ಏರುವ ಹೆಜ್ಜೆ ಒಂದೇ. ಮೊದಲನೆಯದಕ್ಕೂ ಮೂರನೆಯದಕ್ಕೂ ಬರುವ ಅಂಕ –0.18, ಎಂದರೆ ಅವುಗಳಲ್ಲಿ ಹೇಳಿಕೊಳ್ಳುವಂಥ ನಂಟಿಲ್ಲ. ಐದೇ ಮಂದಿಯಿಂದ ತೀರ್ಮಾನಕ್ಕೆ ಬರುವುದು ಮಾತ್ರ ಅಪಾಯ. ಆಕಸ್ಮಿಕವಾಗಿಯೂ ಅಂಕಿಗಳು ಹೊಂದಿಕೊಳ್ಳಬಹುದು. ಆದುದರಿಂದ ನಿಜವಾದ ಶೋಧನೆಗಳಲ್ಲಿ ಹತ್ತಾರು, ನೂರಾರು ಮಾದರಿಗಳನ್ನು ಬಳಸುತ್ತಾರೆ.

ಹೊಸಬನು ಸಿಕ್ಕಿದುದು

ಇನ್ನು ಸಾಗುನೇಯ ಬೀದಿಗೆ ಹಿಂದಿರುಗೋಣ. ಭಾರತೀಯ ಸಂಜಾತರಾದ ವಂಶಿ ಮೂತ ಎಂಬ ತರುಣ ವೈದ್ಯವಿಜ್ಞಾನಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಕೆಲಸಮಾಡುತ್ತಿದ್ದರು. ಅವರೂ ಅವರ ಸಂಗಡಿಗರೂ ಈ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ರೋಗವು ಮೈಟೊಕಾಂಡ್ರಿಯಕ್ಕೆ ಸಂಬಂಧಿಸಿದ್ದು. ಆದಕಾರಣ ಕೆಟ್ಟಿರುವ ಜೀನೂ ಮೈಟೊಕಾಂಡ್ರಿಯದ ಕೆಲಸದಲ್ಲಿ ಪಾಲುಗೊಳ್ಳುವಂಥದೇ ಇರಬೇಕು. ಹಾಗಿದ್ದರೆ, ಅನುಮಾನಕ್ಕೆ ಗುರಿಯಾದ ಆ ಹತ್ತಾರು ಜೀನುಗಳ ಪೈಕಿ, ಮೈಟೊಕಾಂಡ್ರಿಯಕ್ಕೆ ಸೇರಿದವು ಎಂದು ಈಗಾಗಲೇ ಗೊತ್ತಿರುವ ಜೀನುಗಳ ಜೊತೆಯಲ್ಲಿ ಏಳುತ್ತ ಬೀಳುತ್ತ ಇರುವುದು ಯಾವುದು?

ಇದಕ್ಕಾಗಿ ಅವರು ಹೊಸದಾಗಿ ಅಳೆಯುವ ಗೋಜಿಗೆ ಹೋಗಲಿಲ್ಲ. ಬೇರೆಯವರು ಬೇರೆ ಬೇರೆ ಉದ್ದೇಶಗಳಿಗಾಗಿ ಅಳೆದು, ಯಾರು ಬೇಕಾದರೂ ನೋಡಿಕೊಳ್ಳಲೆಂದು ತೆರೆದಿಟ್ಟಿದ್ದ ಅಭಿವ್ಯಕ್ತಿಯ ನಾಲ್ಕು ಸಂಗ್ರಹಗಳನ್ನು ತೆಗೆದುಕೊಂಡರು. ತಾವು ಸಂಪಾದಿಸಿದ ಅಂಕಿಗಳನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ ಜಗತ್ತಿನ ಮುಂದಿಡುವ ಈ ಪದ್ಧತಿ ಎಷ್ಟು ಜನಕ್ಕೆ ಉಪಕಾರಮಾಡಿದೆ ಎಂಬುದನ್ನು ಎಣಿಸಲಾಗದು. ಆ ಸಂಗ್ರಹಗಳಿಂದ ಮನುಷ್ಯನ ಜೀನು ಒಂದೊಂದಕ್ಕೂ ಅಂಕವೊಂದನ್ನು ಕೊಟ್ಟರು. ಮೈಟೊಕಾಂಡ್ರಿಯದ ಜೀನುಗಳೊಡನೆ ಒಡನಾಟ ಹೆಚ್ಚಾದಷ್ಟೂ ಅಂಕ ಹೆಚ್ಚು. ಜೊತೆಗೆ ಇನ್ನೊಂದು ಸಾಕ್ಷಿಯನ್ನೂ ಕರೆದರು. ಮೈಟೊಕಾಂಡ್ರಿಯಗಳನ್ನು ಕೋಶದಿಂದ ಬೇರ್ಪಡಿಸಿ, ಅವುಗಳಲ್ಲಿ ಯಾವ ಪ್ರೋಟೀನುಗಳಿವೆ ಎಂಬುದನ್ನು ಅಣುಗಳ ತೂಕದಿಂದ ಗುರುತಿಸಿದ ಪಟ್ಟಿಯೇ ಆ ಸಾಕ್ಷಿ. ಎರಡನ್ನೂ ಎರಡನೆಯ ವರ್ಣತಂತುವಿನ ಆ ಭಾಗದ ಮೇಲಿಟ್ಟು ನೋಡಿದಾಗ ಒಂದೇ ಒಂದು ಜೀನು ಎದ್ದು ನಿಂತಿತು. ಅದರ ಹೆಸರು ಎಲ್.ಆರ್.ಪಿ.ಪಿ.ಆರ್.ಸಿ. ಜೀನುಗಳಿಗೆ ಹೆಸರಿಡುವವರಿಗೆ ನಾಲಗೆಯ ಮೇಲೆ ಕರುಣೆಯಿಲ್ಲ ಎಂಬುದನ್ನು ವಾಚಕರು ಈ ಲೇಖನದಲ್ಲಿ ಮತ್ತೆ ಮತ್ತೆ ಕಾಣುವರು.

ಇಲ್ಲಿಗೆ ದೊರೆತದ್ದು ಅನುಮಾನ ಮಾತ್ರ. ಒಡನಾಟವುಳ್ಳವರೆಲ್ಲ ಅಪರಾಧಿಗಳಲ್ಲ. ನಿಜವಾದ ಪರೀಕ್ಷೆಯೆಂದರೆ ರೋಗಿಗಳಲ್ಲಿ ಆ ಜೀನನ್ನು ಅಕ್ಷರಶಃ ಓದುವುದು. ಓದಿದರು. ರೋಗಿಗಳಲ್ಲಿ ಒಬ್ಬರನ್ನುಳಿದು ಮಿಕ್ಕವರೆಲ್ಲರಿಗೂ ಜೀನಿನ ಎರಡು ಪ್ರತಿಗಳಲ್ಲಿಯೂ ಒಂದೇ ದೋಷವಿದ್ದಿತು. ಸುಮಾರು 1,400 ಅಮೈನೊ ಆಮ್ಲಗಳನ್ನು ಪೋಣಿಸಿದ ಸರದಂಥ ಆ ಪ್ರೋಟೀನಿನಲ್ಲಿ 354ನೆಯ ಮಣಿ ಅಲನೀನ್ ಆಗಿರಬೇಕಾಗಿದ್ದಿತು, ಅಲ್ಲಿ ವ್ಯಾಲೀನ್ ಇದ್ದಿತು. ಉಳಿದ ಒಬ್ಬ ರೋಗಿಯ ಸಂಗತಿ ಇನ್ನೂ ಬೆಲೆಯುಳ್ಳದ್ದು. ಆ ರೋಗಿಯ ಒಂದು ಪ್ರತಿಯಲ್ಲಿ ಇದೇ ದೋಷ. ಇನ್ನೊಂದರಲ್ಲಿ ಬೇರೆಯೇ ಆದ, ಬೇರೆಯೇ ಮೂಲದಿಂದ ಬಂದ ದೋಷ. ಒಂದು ದೋಷ ಮಾತ್ರ ಕಂಡಿದ್ದರೆ, ಅದು ನೆರೆಯ ಜೀನಿನ ಅಪರಾಧದ ಜೊತೆಯಲ್ಲಿ ಸುಮ್ಮನೆ ಇಳಿದುಬಂದ ಗುರುತೆಂದು ವಾದಿಸಬಹುದಾಗಿದ್ದಿತು. ಒಂದೇ ಜೀನು ಎರಡು ಬೇರೆ ಬಗೆಯಲ್ಲಿ ಕೆಟ್ಟು ಒಂದೇ ರೋಗವನ್ನು ತಂದಿರುವಾಗ ಆ ವಾದಕ್ಕೆ ಎಡೆಯಿಲ್ಲ. 2003ರ ಜನವರಿಯಲ್ಲಿ ಈ ಶೋಧನೆ ಪ್ರಕಟವಾಯಿತು.

ಇನ್ನೊಂದು ಸ್ವಾರಸ್ಯವುಂಟು. ಈ ಜೀನಿನ ಪ್ರೋಟೀನು ಸೈಟೊಕ್ರೋಮ್ ಸಿ ಆಕ್ಸಿಡೇಸ್ ಕಿಣ್ವದ ಭಾಗವೇ ಅಲ್ಲ! ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಚಿಕ್ಕ ಡಿ.ಎನ್.ಎ. ಇದೆ, ಕಿಣ್ವದ ಕೆಲವು ಮುಖ್ಯ ಭಾಗಗಳ ಸೂಚನೆ ಅಲ್ಲಿಂದ ಹೊರಡುತ್ತದೆ. ಹಾಗೆ ಹೊರಟ ದೂತಗಳು ಅಕಾಲದಲ್ಲಿ ನಾಶವಾಗದಂತೆ ಕಾಯುವ ಕಾವಲುಗಾರನೇ ನಮ್ಮ ಎಲ್.ಆರ್.ಪಿ.ಪಿ.ಆರ್.ಸಿ. ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಕಿಣ್ವವನ್ನು ಬಿಚ್ಚಿ ಅದರ ಬಿಡಿಭಾಗಗಳನ್ನಷ್ಟೆ ಹುಡುಕಿದ್ದರೆ ಈ ಕಾವಲುಗಾರನು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ರೋಗವನ್ನು ಬುಡಸಹಿತ ಗುಣಪಡಿಸುವ ಮದ್ದು ಇದರಿಂದ ದೊರೆಯಲಿಲ್ಲ. ಆದರೆ ವಾಹಕರನ್ನು ಗುರುತಿಸುವ ಸರಳ ಪರೀಕ್ಷೆ ದೊರೆಯಿತು. 2010ರಲ್ಲಿ ಸಾಗುನೇ ಸೀಮೆಯ ಜನರಿಗೆ, ಅಲ್ಲಿ ಹೆಚ್ಚಾಗಿರುವ ಇಂಥ ನಾಲ್ಕು ರೋಗಗಳ ಪರೀಕ್ಷೆಯನ್ನು ಒದಗಿಸುವ ಏರ್ಪಾಡು ಪ್ರಾಯೋಗಿಕವಾಗಿ ಮೊದಲಾಯಿತು. ಅವುಗಳಲ್ಲಿ ಇದೂ ಒಂದು.

ಇಪ್ಪತ್ತು ಕೋಟಿ ನಂಟುಗಳು

ಸಾಗುನೇಯ ಶೋಧನೆಯಲ್ಲಿ ಒಂದು ಅನುಕೂಲವಿದ್ದಿತು. ಬೀದಿ ಮೊದಲೇ ತಿಳಿದಿದ್ದಿತು. ಯಾವ ಕಸಬಿನವರ ಒಡನಾಟವನ್ನು ನೋಡಬೇಕೆಂಬುದೂ ತಿಳಿದಿದ್ದಿತು. ಬಹುಪಾಲು ರೋಗಗಳಲ್ಲಿ ಈ ಎರಡೂ ಇಲ್ಲ. ಕ್ಯಾನ್ಸರಿನಲ್ಲಿಯೋ ಮುಪ್ಪಿನ ಮರೆವಿನಲ್ಲಿಯೋ ನೂರಾರು ಜೀನುಗಳು ಒಟ್ಟಿಗೆ ಹಾದಿ ತಪ್ಪಿರುತ್ತವೆ. ಆಗ ಯಾರೊಬ್ಬರ ಬೆನ್ನು ಹತ್ತದೆ, ಊರಿಗೆ ಊರನ್ನೇ ನಕ್ಷೆಯಲ್ಲಿ ಬಿಡಿಸಬೇಕಾಗುತ್ತದೆ. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ವಿಧಾನವನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಬಿನ್ ಝಾಂಗ್ ಮತ್ತು ಸ್ಟೀವ್ ಹಾರ್ವತ್ ಎಂಬುವರು 2005ರಲ್ಲಿ ಪ್ರಕಟಿಸಿದರು.

ಕೆಲಸದ ಅಗಾಧತೆಯನ್ನು ನೋಡಿ. 20,000 ಜೀನುಗಳನ್ನು ಎರಡೆರಡಾಗಿ ಜೊತೆಗೂಡಿಸಿದರೆ ಆಗುವ ಜೋಡಿಗಳು 19 ಕೋಟಿ 99 ಲಕ್ಷ 90 ಸಾವಿರ. ಒಂದೊಂದು ಜೋಡಿಗೂ ಸಹಸಂಬಂಧಾಂಕವನ್ನು ಲೆಕ್ಕಮಾಡಬೇಕು. ಗಣಕಯಂತ್ರಕ್ಕೆ ಇದು ಕಷ್ಟವಲ್ಲ. ಕಷ್ಟವಿರುವುದು ಬಂದ ಅಂಕಗಳ ರಾಶಿಯಲ್ಲಿ ಕಾಳಾವುದು ಜೊಳ್ಳಾವುದು ಎಂಬುದನ್ನು ತಿಳಿಯುವುದರಲ್ಲಿ. 0.8ಕ್ಕಿಂತ ಮೇಲಿದ್ದರೆ ನಂಟು, ಕೆಳಗಿದ್ದರೆ ನಂಟಿಲ್ಲ ಎಂದು ಗೆರೆ ಎಳೆಯಬಹುದು. ಆಗ 0.79 ಪಡೆದ ಬಡಪಾಯಿ ಹೊರಗುಳಿಯುತ್ತದೆ. ಪರೀಕ್ಷೆಯಲ್ಲಿ 34 ಅಂಕ ಪಡೆದು ಫೇಲಾದವನ ನೋವು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತು. ಝಾಂಗ್ ಮತ್ತು ಹಾರ್ವತ್ ಗೆರೆಯನ್ನೆಳೆಯಲಿಲ್ಲ. ಪ್ರತಿಯೊಂದು ಅಂಕವನ್ನೂ ಘಾತಕ್ಕೆ ಏರಿಸಿದರು. ಆರನೆಯ ಘಾತಕ್ಕೆ ಏರಿಸಿದರೆ 0.9 ಎಂಬುದು 0.53 ಆಗುತ್ತದೆ, 0.5 ಎಂಬುದು 0.016ಕ್ಕೆ ಇಳಿಯುತ್ತದೆ, 0.3 ಎಂಬುದು ಒಂದು ಸಾವಿರದಲ್ಲಿ ಒಂದರಷ್ಟೂ ಉಳಿಯುವುದಿಲ್ಲ. ಗಟ್ಟಿ ನಂಟುಗಳು ಉಳಿಯುತ್ತವೆ, ಸಡಿಲ ನಂಟುಗಳು ಯಾರೂ ತಳ್ಳದೆಯೇ ಕರಗಿಹೋಗುತ್ತವೆ.

ಆಮೇಲೆ ಇನ್ನೊಂದು ಸೋಸಣಿಗೆಯುಂಟು. ಎರಡು ಜೀನುಗಳ ನಡುವಣ ನಂಟನ್ನು ಮಾತ್ರವಲ್ಲದೆ, ಆ ಎರಡಕ್ಕೂ ಸಮಾನವಾದ ಗೆಳೆಯರೆಷ್ಟು ಎಂಬುದನ್ನೂ ಗಣನೆಗೆ ತರುತ್ತಾರೆ. ಹೀಗೆ ಮಾಡಿದಾಗ ಜಾಲವು ಹಲವು ಕೂಟಗಳಾಗಿ ಒಡೆಯುತ್ತದೆ. ಒಂದು ಕೂಟದಲ್ಲಿ ಕೋಶವಿಭಜನೆಯ ಜೀನುಗಳು, ಮತ್ತೊಂದರಲ್ಲಿ ನರಗಳ ಜೀನುಗಳು, ಬೇರೊಂದರಲ್ಲಿ ರೋಗರಕ್ಷಣೆಯವು. ಪ್ರತಿಯೊಂದು ಕೂಟದಲ್ಲಿಯೂ ಅತ್ಯಂತ ಹೆಚ್ಚು ನಂಟುಗಳುಳ್ಳ ಕೆಲವು ಜೀನುಗಳಿರುತ್ತವೆ. ಬಂಡಿಯ ಗಾಲಿಯ ಕೀಲುಗಳೆಲ್ಲ ಬಂದು ಸೇರುವ ಗುಂಭದಂತೆ ಅವು ಕೂಟದ ನಾಭಿಗಳು. 20,000 ಜೀನುಗಳನ್ನು ಒಂದೊಂದಾಗಿ ರೋಗಕ್ಕೆ ತಾಳೆನೋಡುವ ಬದಲು, ಯಾವ ಕೂಟವು ರೋಗದೊಡನೆ ಏರಿಳಿಯುತ್ತದೆ ಎಂದು ಮೊದಲು ನೋಡಿ, ಅನಂತರ ಅದರ ನಾಭಿಯನ್ನು ಪರೀಕ್ಷಿಸುವುದೇ ಈ ವಿಧಾನದ ತಿರುಳು.

ಇದರ ಮೊದಲ ಫಲಗಳಲ್ಲಿ ಒಂದು 2006ರಲ್ಲಿ ಬಂದಿತು. ಗ್ಲಿಯೊಬ್ಲಾಸ್ಟೊಮ ಎಂಬುದು ಮಿದುಳಿನ ಕ್ಯಾನ್ಸರುಗಳಲ್ಲಿ ಬಹು ಕ್ರೂರವಾದುದು. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಇವೆಲ್ಲವನ್ನೂ ಮಾಡಿದರೂ ಅರ್ಧದಷ್ಟು ರೋಗಿಗಳು ಸುಮಾರು ಹದಿನೈದು ತಿಂಗಳೊಳಗೆ ತೀರಿಕೊಳ್ಳುತ್ತಾರೆ ಎಂದು ಆಗ ಲೆಕ್ಕವಿದ್ದಿತು. ಹಾರ್ವತ್ ಮತ್ತು ಸಂಗಡಿಗರು 55 ಗೆಡ್ಡೆಗಳ ಅಂಕಿಗಳಿಂದ ಒಂದು ಜಾಲವನ್ನೂ, ಅದರ ಸತ್ಯವನ್ನು ಒರೆಹಚ್ಚಲು ಬೇರೆ 65 ಗೆಡ್ಡೆಗಳಿಂದ ಇನ್ನೊಂದನ್ನೂ ಕಟ್ಟಿದರು. ಎರಡರಲ್ಲಿಯೂ ಕೋಶವಿಭಜನೆಯ ಕೂಟವೊಂದು ಕಾಣಿಸಿಕೊಂಡಿತು. ಆ ಕೂಟದಲ್ಲಿ ಎ.ಎಸ್.ಪಿ.ಎಂ. ಎಂಬ ಜೀನು ಅವರ ಕಣ್ಣನ್ನು ಸೆಳೆಯಿತು. ಇದೇನು ಅಪರಿಚಿತ ಜೀನಲ್ಲ. 2002ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪಾಕಿಸ್ತಾನ ಮೂಲದ ಕೆಲವು ಕುಟುಂಬಗಳಲ್ಲಿ, ತಲೆಯೂ ಮಿದುಳೂ ತೀರ ಚಿಕ್ಕದಾಗಿ ಹುಟ್ಟುವ ಮಕ್ಕಳಲ್ಲಿ ಇದೇ ಜೀನು ಕೆಟ್ಟಿರುವುದನ್ನು ತೋರಿಸಿದ್ದರು. ಭ್ರೂಣದಲ್ಲಿ ಮಿದುಳಿನ ಮೂಲಕೋಶಗಳು ಮತ್ತೆ ಮತ್ತೆ ವಿಭಜನೆಗೊಂಡು ಹೆಚ್ಚಲು ಈ ಜೀನು ಬೇಕು. ಅದು ಇಲ್ಲದಿದ್ದರೆ ಮಿದುಳು ಬೆಳೆಯದು; ಬೇಡದ ವಯಸ್ಸಿನಲ್ಲಿ, ಬೇಡದ ಕಡೆಯಲ್ಲಿ ಅದು ಅಬ್ಬರಿಸಿದರೆ ಗೆಡ್ಡೆ ಬೆಳೆಯುತ್ತದೆ! ಪ್ರಯೋಗಶಾಲೆಯಲ್ಲಿ ಸಾಕಿದ ಕ್ಯಾನ್ಸರ್ ಕೋಶಗಳಲ್ಲಿ ಈ ಜೀನಿನ ದೂತಗಳನ್ನು ಅಡಗಿಸಿದಾಗ ಅವು ಹೆಚ್ಚುವುದು ಕುಂಠಿತವಾಯಿತು. ಹಾಗೆಯೇ ಮಾಡಿದಾಗ ಮಿದುಳಿನ ಆರೋಗ್ಯವಂತ ಮೂಲಕೋಶಗಳು ಹೆಚ್ಚುವುದೂ ಕುಂಠಿತವಾಯಿತು ಎಂಬುದನ್ನು ಮರೆಯುವಂತಿಲ್ಲ. ಔಷಧವನ್ನು ಹುಡುಕುವವರಿಗೆ ಇದೊಂದು ತೊಡಕು.

ಎಂಜಲೆಲೆಯ ಕಾಗೆಗಳು

ಮದುವೆಯ ಉಪಮಾನಕ್ಕೆ ಇನ್ನೊಮ್ಮೆ ಬರಬೇಕಾಗಿದೆ. ಮದುವೆ ನಡೆದ ದಿನಗಳಲ್ಲೆಲ್ಲ ತಪ್ಪದೆ ಹಾಜರಾಗುವ ಇನ್ನೊಂದು ಬಳಗವುಂಟು: ಹಿತ್ತಿಲಲ್ಲಿ ಎಂಜಲೆಲೆಗಳಿಗೆ ಮುತ್ತುವ ಕಾಗೆಗಳು. ನಮ್ಮ ಪುಸ್ತಕದಲ್ಲಿ ಅವುಗಳ ಸಹಸಂಬಂಧಾಂಕವೂ ಪುರೋಹಿತನದಕ್ಕಿಂತ ಕಡಿಮೆಯೇನಿರದು. ಆದರೆ ಕಾಗೆಗಳು ಬಂದುದರಿಂದ ಮದುವೆ ನಡೆಯಿತು ಎನ್ನುವವರುಂಟೆ? ಸಹಾಭಿವ್ಯಕ್ತಿಯ ಜಾಲಗಳಲ್ಲಿ ಈ ಕಾಗೆಗಳ ಕಾಟ ಬಹಳ. ರೋಗಕ್ಕೆ ಕಾರಣವಾದ ಕೂಟ ಯಾವುದು, ರೋಗದ ಪರಿಣಾಮವಾಗಿ ಎದ್ದ ಕೂಟ ಯಾವುದು ಎಂಬುದನ್ನು ಸಹಸಂಬಂಧಾಂಕವು ತಾನಾಗಿ ಹೇಳಲಾರದು.

ಇವೆರಡನ್ನು ಬೇರ್ಪಡಿಸುವ ದಾರಿಯೊಂದನ್ನು 2011ರ ಶೋಧನೆಯೊಂದು ಚೆನ್ನಾಗಿ ತೋರಿಸಿತು. ಆಟಿಸಂ ಇದ್ದು ತೀರಿಕೊಂಡ 19 ಮಂದಿಯ ಮಿದುಳುಗಳನ್ನೂ ಆಟಿಸಂ ಇಲ್ಲದ 17 ಮಂದಿಯ ಮಿದುಳುಗಳನ್ನೂ ಲಾಸ್ ಏಂಜಲೀಸಿನ ಅದೇ ವಿಶ್ವವಿದ್ಯಾನಿಲಯದವರು ಹೋಲಿಸಿದರು. ಎರಡು ಕೂಟಗಳು ವ್ಯತ್ಯಾಸವನ್ನು ತೋರಿಸಿದುವು. ನರಕೋಶಗಳೂ ಅವುಗಳ ಕೂಡುತಾಣಗಳೂ ಬಳಸುವ ಜೀನುಗಳ ಕೂಟವು ಆಟಿಸಂ ಇದ್ದವರಲ್ಲಿ ತಗ್ಗಿದ್ದಿತು. ರೋಗರಕ್ಷಣೆಗೆ ಸಂಬಂಧಿಸಿದ ಕೂಟವು ಏರಿದ್ದಿತು. ಯಾವುದು ಪುರೋಹಿತ, ಯಾವುದು ಕಾಗೆ? ಸಂಶೋಧಕರು ವಂಶವನ್ನು ಸಾಕ್ಷಿಗೆ ಕರೆದರು. ನಾವು ಹುಟ್ಟಿದಾಗ ಪಡೆದ ಡಿ.ಎನ್.ಎ. ಅಕ್ಷರಗಳನ್ನು ಮುಂದೆ ಬರುವ ಯಾವ ರೋಗವೂ ತಿದ್ದಿ ಬರೆಯಲಾರದು; ಆದುದರಿಂದ ಆ ಅಕ್ಷರಗಳಲ್ಲಿಯೇ ವ್ಯತ್ಯಾಸ ಕಂಡರೆ ಅದು ಪರಿಣಾಮವಾಗಿರಲಾರದು. ಸಾವಿರಾರು ಜನರ ಡಿ.ಎನ್.ಎ.ಯಲ್ಲಿ ಆಟಿಸಂನೊಡನೆ ನಂಟು ತೋರಿದ್ದ ವ್ಯತ್ಯಾಸಗಳು ಎಲ್ಲಿ ಬೀಳುತ್ತವೆ ಎಂದು ನೋಡಿದಾಗ, ಅವು ನರಕೋಶಗಳ ಕೂಟದಲ್ಲಿ ನಿರೀಕ್ಷೆಗಿಂತ ಹೆಚ್ಚಾಗಿ ಸೇರಿದ್ದುವು. ರೋಗರಕ್ಷಣೆಯ ಕೂಟದಲ್ಲಿ ಅಂಥ ಸೇರ್ಪಡೆಯಿರಲಿಲ್ಲ. ಮೊದಲನೆಯ ಕೂಟದಲ್ಲಿ ಕಾರಣದ ಬೇರುಗಳಿವೆ. ಎರಡನೆಯದು ಪರಿಣಾಮವೋ ಪರಿಸರದ ಪ್ರಭಾವವೋ ಆಗಿರಬೇಕು ಎಂದು ಅವರು ತೀರ್ಮಾನಿಸಿದರು.

ಇನ್ನೊಂದು ಮೋಸವುಂಟು, ಅದು ಇನ್ನೂ ಸೂಕ್ಷ್ಮ. ಮಿದುಳಿನ ಒಂದು ಚೂರಿನಲ್ಲಿ ನರಕೋಶಗಳಲ್ಲದೆ ಬೇರೆ ಬಗೆಯ ಕೋಶಗಳೂ ಬೆರೆತಿರುತ್ತವೆ. ರೋಗದಿಂದ ನರಕೋಶಗಳೇ ಸತ್ತು ಕಡಿಮೆಯಾದರೆ, ಅವುಗಳಲ್ಲಿರುವ ಜೀನುಗಳ ದೂತಗಳೆಲ್ಲ ಒಮ್ಮೆಗೇ ತಗ್ಗಿದಂತೆ ಕಾಣುತ್ತವೆ. ಯಾವ ಜೀನೂ ತನ್ನ ನಡೆಯನ್ನು ಬದಲಿಸಿಲ್ಲ. ತಲೆಯೆಣಿಕೆ ಬದಲಾಗಿದೆ, ಅಷ್ಟೆ. ಬರಗಾಲದಲ್ಲಿ ಊರಿನ ಅರ್ಧ ಜನ ಗುಳೆಹೋದರೆ ಕಮ್ಮಾರನ ಅಂಗಡಿ, ಬಟ್ಟೆಯ ಅಂಗಡಿ, ಕಾಫಿ ಹೋಟಲು ಎಲ್ಲದರ ವ್ಯಾಪಾರವೂ ಒಟ್ಟಿಗೆ ಇಳಿಯುವುದಿಲ್ಲವೆ? ಇದರಿಂದ ಪಾರಾಗಲು ಈಗ ಒಂದೊಂದು ಕೋಶವನ್ನೂ ಬೇರೆ ಬೇರೆಯಾಗಿ ಹಿಡಿದು ಅದರ ದೂತಗಳನ್ನು ಎಣಿಸುತ್ತಾರೆ. ಕಟ್ಟಿದ ಜಾಲಗಳೆಲ್ಲ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುವೆಂದು ನಾವು ನಂಬುವುದಿಲ್ಲ.

ಒಂದು ಕೂಟವಂತೂ ಹಲವು ದಿಕ್ಕಿನ ಸಾಕ್ಷಿಗಳಿಂದ ಗಟ್ಟಿಯಾಗಿ ನಿಂತಿದೆ. ಹಿಂದೆ ಹೆಸರಿಸಿದ ಝಾಂಗ್ ಮತ್ತು ಇತರರು 2013ರಲ್ಲಿ, ಮುಪ್ಪಿನಲ್ಲಿ ನೆನಪನ್ನು ಅಳಿಸುವ ಆಲ್ಜೈಮರ್ ರೋಗದ ಜಾಲವನ್ನು ಕಟ್ಟಿದರು. ರೋಗಿಗಳಿಂದಲೂ ನೆನಪು ಕೆಡದವರಿಂದಲೂ ಅವರ ಮರಣಾನಂತರ ಪಡೆದ ಮಿದುಳಿನ 1,647 ಮಾದರಿಗಳು ಅದಕ್ಕೆ ಬಳಕೆಯಾದುವು. ರೋಗದೊಡನೆ ಬಲವಾದ ನಂಟುಳ್ಳ ಕೂಟವು ಮೈಕ್ರೊಗ್ಲಿಯಗಳದು, ಎಂದರೆ ಮಿದುಳಿನಲ್ಲಿ ಕಸ ಗುಡಿಸಿ ಕಾವಲಿರುವ ಕೋಶಗಳದು. ಅದರ ನಾಭಿಯಲ್ಲಿ ಟೈರೊಬಿಪಿ ಎಂಬ ಜೀನು ಕುಳಿತಿದ್ದಿತು. ಜಪಾನಿನಲ್ಲಿಯೂ ಫಿನ್ಲೆಂಡಿನಲ್ಲಿಯೂ ಮೊದಲು ಕಂಡುಬಂದ, ನಡುವಯಸ್ಸಿನಲ್ಲಿಯೇ ಮೂಳೆಗಳನ್ನೂ ಬುದ್ಧಿಯನ್ನೂ ಕೆಡಿಸುವ ಅಪರೂಪದ ರೋಗವೊಂದರಲ್ಲಿ ಈ ಜೀನೇ ಕೆಟ್ಟಿರುತ್ತದೆ ಎಂಬುದು 2000ದಲ್ಲಿಯೇ ತಿಳಿದಿದ್ದಿತು. ಅದೇ ರೋಗವುಳ್ಳ ಬೇರೆ ಕೆಲವರಲ್ಲಿ ಟ್ರೆಮ್2 ಎಂಬ ಜೀನು ಕೆಟ್ಟಿರುತ್ತದೆ. ಇವೆರಡರ ಪ್ರೋಟೀನುಗಳು ಒಂದನ್ನೊಂದು ಕೂಡಿಕೊಂಡು ಕೆಲಸಮಾಡುವ ಜೊತೆಗಾರರು. ಜಾಲವು ಪ್ರಕಟವಾದ 2013ರಲ್ಲಿಯೇ, ಟ್ರೆಮ್2 ಜೀನಿನ ಒಂದು ಅಪರೂಪದ ವ್ಯತ್ಯಾಸವುಳ್ಳವರಿಗೆ ಆಲ್ಜೈಮರ್ ರೋಗ ಬರುವ ಸಂಭವ ಇತರರಿಗಿಂತ ಬಹಳ ಹೆಚ್ಚು ಎಂದು ಬೇರೆ ಎರಡು ತಂಡಗಳು ವರದಿಮಾಡಿದುವು. ಜಾಲವೂ ವಂಶವೂ ಬೇರೆ ಬೇರೆ ಹಾದಿಯಿಂದ ಬಂದು ಒಂದೇ ಬಾಗಿಲಲ್ಲಿ ನಿಂತುವು.

ಆ ಬಾಗಿಲಿನಿಂದ ಚಿಕಿತ್ಸೆಯನ್ನು ಒಳಗೆ ಬಿಡುವ ಪ್ರಯತ್ನವೂ ನಡೆಯಿತು. ಟ್ರೆಮ್2 ಪ್ರೋಟೀನನ್ನು ಚುರುಕುಗೊಳಿಸುವ ಪ್ರತಿಕಾಯವೊಂದನ್ನು ರೋಗವು ಇನ್ನೂ ಎಳೆಯ ಹಂತದಲ್ಲಿದ್ದ ರೋಗಿಗಳಿಗೆ ಕೊಟ್ಟು ನೋಡಿದರು. ಪರೀಕ್ಷೆಯ ಫಲಿತಾಂಶವು 2024ರ ನವೆಂಬರ್ ತಿಂಗಳಿನಲ್ಲಿ ಹೊರಬಿದ್ದಿತು. ರೋಗದ ನಡಿಗೆ ನಿಧಾನವಾಗಿರಲಿಲ್ಲ.